ಸೊಲ್ಲಾಪುರದಲ್ಲಿ ಆಯಿ ಬಳೆ ಇಡಿಸಿಕೊಂಡ ದಿನ

ಮಳೆ ಬಂದರೂ ಹೊಲಕ್ಕೆ ಹೋಗಲು ಜನ ಹೆದರುತ್ತಿದ್ದ ಕಾಲವದು. ನಿಜಾಮನ ಆಳ್ವಿಕೆ ಮುಗಿಯಲು ಇನ್ನು ಕೆಲವೇ ವಾರ ಉಳಿದಿತ್ತು, ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ. ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರು ಯಾವ ಊರಿಗೆ ಯಾವಾಗ ನುಗ್ಗುತ್ತಾರೋ ಹೇಳಲಾಗದು, ಹೆಂಗಸರು ಮಕ್ಕಳನ್ನು ಅವನ ಸೀಮೆಯ ಗಡಿ ದಾಟಿಸಿಬಿಡಬೇಕು ಎನ್ನುವುದಷ್ಟೇ ಗೊತ್ತಿತ್ತು. ಆಳಂದ, ಅಫಜಲಪುರದ ಕಡೆಯ ನನ್ನ ವಾರಿಗೆಯವರಲ್ಲಿ ಎಷ್ಟೋ ಮಂದಿ ಮೊದಲ ಸಲ ಕಂಡ ದೊಡ್ಡ ಊರು ಗಡಿಯಾಚೆಯ ಸೊಲ್ಲಾಪುರ. ಯಾರೂ ಅದನ್ನು ನೋಡಲೆಂದು ಹೋದವರಲ್ಲ, ಜೀವ ಉಳಿಸಿಕೊಳ್ಳಲು ಹೋದವರು. ನಾನೂ ಹಾಗೆಯೇ ಹೋದೆ. ೧೯೪೮ರ ಆ ಮಳೆಗಾಲದಲ್ಲಿ ನನಗೆ ಒಂಬತ್ತು ವರ್ಷ.

ನಮ್ಮೂರಾದ ನರೋಣಾದಿಂದ ಬಂಡಿಯಲ್ಲಿ ಹೊರಟವರು ಮೂವರು: ಅವ್ವ, ನಾನು, ಅಪ್ಪನ ತಾಯಿಯಾದ ಆಯಿ. ಅಪ್ಪ ಆಗಲೇ ರಜಾಕಾರರ ವಿರುದ್ಧ ಹೋರಾಡುವವರ ಗಡಿಯ ಕ್ಯಾಂಪು ಸೇರಿದ್ದ. ಆಯಿಯ ಗಂಡ, ನಮ್ಮ ಮುತ್ಯಾ ಮಾತ್ರ ಮನೆ ಬಿಡಲು ಒಪ್ಪಲಿಲ್ಲ. "ನಾ ಬಂದ್ರ ಎಮ್ಮಿಗಿ ನೀರ ಕುಡಸವ್ರ ಯಾರು? ನೀವ್ ನಡೀರಿ. ದಸರಾಕ್ಕ ಬಂದು ಕರ್ಕೊಂಡು ಹೋಗ್ತೇನಿ" ಎಂದು ಊರ ಬಾಗಿಲ ಅಗಸಿಯವರೆಗೆ ಬಂದು ನಿಂತುಕೊಂಡ.

ಸೊಲ್ಲಾಪುರದಲ್ಲಿ ನಾವು ಇಳಿದದ್ದು ಸೋದರತ್ತೆ ನೀಲಮ್ಮನ ಮನೆಯಲ್ಲಿ. ಮನೆಯೆಂದರೆ ಗಿರಣಿ ಕೂಲಿಕಾರರ ಚಾಳಿನ ಮೇಲಂತಸ್ತಿನಲ್ಲಿ ಒಂದೇ ಒಂದು ಖೋಲಿ. ಅತ್ತೆ, ಅವಳ ಗಂಡ, ಅವರ ಎರಡು ಮಕ್ಕಳು, ನಾವು ಮೂವರು. ಒಬ್ಬರು ಕಾಲು ಚಾಚಬೇಕಾದರೆ ಇನ್ನೊಬ್ಬರು ಮಡಚಬೇಕು. ಅತ್ತೆಯ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಗಿರಣಿಯಿಂದ ಬಂದಾಗ ಅವನ ಹುಬ್ಬಿನ ಮೇಲೂ ಹತ್ತಿಯ ಎಳೆ ಕೂತಿರುತ್ತಿತ್ತು, ಮೈಯಿಂದ ಎಣ್ಣೆಯ, ನೂಲಿಗೆ ಹಾಕುವ ಗಂಜಿಯ ವಾಸನೆ ಬರುತ್ತಿತ್ತು. ಪರ ಊರು, ಕೆಟ್ಟ ಕಾಲ, ಹೆಣ್ಣುಹುಡುಗಿ ಕೆಳಗೆ ಇಳಿಯಕೂಡದು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಹೊಲದ ತುಂಬ ಓಡಾಡಿಕೊಂಡಿದ್ದ ನನಗೆ ಒಂದು ಕಟಕಟೆ, ಅದರ ಆಚೆ ಎದುರಿನ ಚಾಳಿನ ಗೋಡೆ, ಅಷ್ಟೇ ಉಳಿಯಿತು. ದಿನಕ್ಕೆ ಮೂರು ಸಲ ಗಿರಣಿಯ ಭೋಂಗಾ ಕೂಗಿದಾಗೆಲ್ಲ ಆಯಿ ಬೆಚ್ಚಿ, "ಯಾರ್ ಬಂದ್ರು ಬೇ?" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ಕೂತು ಹರಳು ತೂರಿ ಹಿಡಿಯುತ್ತ ಹಳ್ಳಿನಾಟ ಆಡುತ್ತಿದ್ದೆ. ನಮ್ಮೂರಿನ ಕಂಬಾರ ಬಸಣ್ಣ ಕೆಳಗೆ ಬಂದು ನಿಂತ. ನೀರಿಗೆ ಹೋಗಿದ್ದ ಅವ್ವ ಕೊಡ ಹೊತ್ತೇ ಅವನ ಮಾತು ಕೇಳಿದಳು. ನಾನು ಎರಡು ಮೆಟ್ಟಿಲ ಮೇಲಿದ್ದೆ, ಎಲ್ಲ ಕೇಳಿಸಿತು. ರಜಾಕಾರರು ಊರು ಹೊಕ್ಕರಂತೆ. ಮುತ್ಯಾ ಬಾಗಿಲಿಗೆ ಅಡ್ಡ ನಿಂತನಂತೆ. ಬಂದೂಕಿನ ಹಿಡಿಯಿಂದ ಹೊಡೆದರಂತೆ. ಮೂರನೆಯ ದಿನ ಜೀವ ಹೋಯಿತಂತೆ. ಊರಿನವರೇ ನಮ್ಮ ಹೊಲದಲ್ಲಿ ಮಣ್ಣು ಮಾಡಿದರಂತೆ.

"ನಿಮ್ಮ ಮಾಲಕರ ಕಡಿಂದ ಒಂದ್ ಮಾತು ಬಂದದರಿ ಯವ್ವಾ" ಎಂದ ಬಸಣ್ಣ. ಮಾಲಕರೆಂದರೆ ಅಪ್ಪ. "ನಾ ಬರೋತನ ನಮ್ಮವ್ವಗ ಹೇಳಬ್ಯಾಡ್ರಿ, ತಿಳದ್ರ ಆಕಿ ನಡಕೊಂತರ ಊರಿಗಿ ಹೋಗ್ತಾಳ ಅಂತ ಹೇಳ್ಯಾರ."

ಅವನು ಹೋದ ಮೇಲೆ ಅವ್ವ ನನ್ನನ್ನು ನೋಡಿದಳು. ಕೊಡ ಇಳಿಸಿ, ನನ್ನ ಗದ್ದ ಹಿಡಿದು, "ಆಯಿ ಮುಂದ ತುಟಿ ಪಿಟಕ್ಕನ್ನಬ್ಯಾಡ. ನನ್ನ ತಲಿ ಮ್ಯಾಲ ಕೈಯಿಟ್ಟು ಆಣಿ ಮಾಡು" ಎಂದಳು. ಅವಳ ತಲೆ ಒದ್ದೆಯಾಗಿತ್ತು. ಆಣೆ ಮಾಡಿದೆ.

ಅವತ್ತಿನಿಂದ ಖೋಲಿ ಇನ್ನೂ ಸಣ್ಣದಾಯಿತು. ಅತ್ತೆಗೆ ಸತ್ತವನು ಹೆತ್ತ ತಂದೆ. ಅವಳು ಒಲೆಯ ಮುಂದೆ ಕೂತು ಅಳುತ್ತಿದ್ದಳು. ಆಯಿ ಕೇಳಿದರೆ, "ಹಸಿ ಕಟಗಿ ಅವ, ಹೊಗಿ" ಎನ್ನುತ್ತಿದ್ದಳು. ಆಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈಗ ನಿಮ್ಮ ಮುತ್ಯಾ ಎಮ್ಮಿ ಹಿಂಡಿರಬೇಕು, ಈಗ ಕಟ್ಟಿಗಿ ಕುಂತಿರಬೇಕು" ಎಂದು ಹೇಳುವಳು. ನಾನು ಹೂಂ ಎನ್ನಬೇಕು. ಹೂಂ ಎಂದರೆ ಸುಳ್ಳು, ಎನ್ನದಿದ್ದರೆ ಅನುಮಾನ. ತಪ್ಪಿಸಿಕೊಂಡು ಹೋಗಲು ಇನ್ನೊಂದು ಖೋಲಿಯಾದರೂ ಎಲ್ಲಿತ್ತು?

ನಾಗರ ಪಂಚಮಿ ಹತ್ತಿರ ಬಂತು. ಆಯಿಯ ಹಟ ಹೆಚ್ಚಿತು. "ಹಬ್ಬಕ್ಕ ಊರಿಗಿ ಕಳಸ್ರಿ" ಎಂದು ಒಂದೇ ವರಾತ. ಮಾಮಾ ಕೊನೆಗೆ, "ಅತ್ತಿಯವರ, ನಾಳಿ ನನಗ ಸುಟ್ಟಿ ಅದ. ಸೊಲ್ಲಾಪುರ ಎಲ್ಲಾ ತೋರಸ್ತೇನಿ, ನಡೀರಿ. ಈ ಕೂಸೂ ಬರ್ಲಿ" ಎಂದ. ಮನಸ್ಸು ಸ್ವಲ್ಪ ಬೇರೆ ಕಡೆ ಹೊರಳೀತು ಎಂಬುದು ಅವನ ಲೆಕ್ಕ. ಅವ್ವನ ಮುಖ ಸಣ್ಣದಾಯಿತು. ಮರುದಿನ ನನ್ನ ಜಡೆ ಹೆಣೆಯುತ್ತ ಕಿವಿಯಲ್ಲಿ ಹೇಳಿದಳು: "ಆಯಿ ಕೈ ಬಿಡಬ್ಯಾಡ. ನಮ್ಮ ಕಡಿ ಮಂದಿ ಯಾರರ ಕಂಡ್ರ ಅಕಡಿ ಹೋಗಗೊಡಬ್ಯಾಡ."

ಹೀಗೆ, ಇಪ್ಪತ್ತು ದಿನ ಕಟಕಟೆಯ ಹಿಂದೆ ನಿಂತು ನಾನು ಕನಸು ಕಂಡಿದ್ದ ಶಹರದೊಳಗೆ ಕಾವಲುಗಾರಳಾಗಿ ಇಳಿದೆ.

ಟಾಂಗಾ ಹತ್ತಿದೆವು. ಡಾಂಬರಿನ ರಸ್ತೆಯ ಮೇಲೆ ಕುದುರೆಯ ಲಾಳದ ಸಪ್ಪಳ, ಕರಿದ ಭಜಿಯ ವಾಸನೆ, ಒಂದರ ಮೇಲೊಂದು ಒಟ್ಟಿದ ಚಾದರಗಳ ಅಂಗಡಿ, ಸಾಲಾಗಿ ಗಿರಣಿಯ ಚಿಮಣಿಗಳು. ಮಾಮಾ ಬಹಳ ಜೋರಾಗಿ ಮಾತಾಡುತ್ತಿದ್ದ, ಬೇಡದಷ್ಟು ನಗುತ್ತಿದ್ದ. ಕೋಟೆಯ ಗೋಡೆ ತೋರಿಸಿದ. ಕೆರೆಯ ನಡುವಿನ ಸಿದ್ಧರಾಮನ ಗುಡಿಗೆ ಕರೆದೊಯ್ದ. ಅಲ್ಲಿ ಆಯಿ ಪೂಜಾರಿಗೆ ಮುತ್ಯಾನ ಹೆಸರು ಹೇಳಿ, "ಅವರಿಗಿ ಆಯುಷ್ಯ ಬೇಡ್ಕೊಳ್ರಿ ಸ್ವಾಮಿ" ಎಂದಳು. ಪೂಜಾರಿ ಆ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದ. ಮಾಮಾ ಕೆರೆಯ ಕಡೆ ಮುಖ ತಿರುಗಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ದೇವರಿಗೆ ಎಲ್ಲ ಗೊತ್ತಿರುತ್ತದಲ್ಲ, ಅವನೀಗ ನಮ್ಮ ಬಗ್ಗೆ ಏನೆಂದುಕೊಳ್ಳುತ್ತಾನೋ ಎಂದು ಹೆದರಿಕೆಯಾಯಿತು.

ಸ್ಟೇಶನ್ನಿನಲ್ಲಿ ನಾನು ಮೊದಲ ಸಲ ರೈಲು ಕಂಡೆ. ಆದರೆ ಈಗ ನೆನಪಿಗೆ ಬರುವುದು ರೈಲಲ್ಲ. ಹೊರಗಿನ ಬೇವಿನ ಮರದಡಿ ಗಂಟುಮೂಟೆ ಇಟ್ಟುಕೊಂಡು ಹತ್ತಾರು ಜನ ಕೂತಿದ್ದರು. ಅವರಲ್ಲೊಬ್ಬಳು ಮಗುವನ್ನು ಗದರಿಸಿದಳು. ಅದು ನಮ್ಮ ಕಡೆಯ ಮಾತು. ಆಯಿಯ ಮುಖ ಅರಳಿತು. "ನಮ್ಮ ಮಂದಿ ಅದಾರ! ಊರ ಸುದ್ದಿ ಕೇಳೂಣು ಬಾ" ಎಂದು ಹೊರಟೇಬಿಟ್ಟಳು. ನಾನು ಅವಳ ಸೆರಗು ಜಗ್ಗಿದೆ. "ಆಯಿ, ನಂಗ ಕಾಲ್ಮಡಿಬೇಕು" ಎಂದೆ. "ತಡಿ ಬೇ ಒಂದೀಟು." "ತಡಿಯಾಕ ಆಗಲ್ಲ!" ಎಂದು ಅಲ್ಲೇ ಕುಣಿದೆ. ಆಯಿ ಬೈಯುತ್ತ ನನ್ನನ್ನು ಗೋಡೆಯ ಮರೆಗೆ ಕರೆದೊಯ್ದಳು. ಬರದ ಉಚ್ಚೆಗೆ ಎಷ್ಟು ಹೊತ್ತು ಕೂತಿದ್ದೆನೋ. ಎದ್ದು ಬರುವಷ್ಟರಲ್ಲಿ ಮಾಮಾ ಟಾಂಗಾವನ್ನು ನಮ್ಮ ಮುಂದೆಯೇ ತರಿಸಿ ನಿಲ್ಲಿಸಿದ್ದ.

ಪೇಟೆಯಲ್ಲಿ ಆಯಿ ಬಳೆಯ ಅಂಗಡಿ ಕಂಡಳು. "ಪಂಚಮಿ ಬಂತು, ಹಸರ ಬಳಿ ಇಡಿಸ್ಕೋತೇನಿ" ಎಂದಳು. ಮಾಮಾ ಅವಳನ್ನು ಅಂಗಡಿಯಿಂದ ಆಚೆ ತಿರುಗಿಸಲು ನೋಡಿದ. "ಮುಂದಿನ ಸಲ ನೋಡೂಣ್ರಿ" ಎಂದ. "ಹಬ್ಬಕ್ಕ ಮುತ್ತೈದಿ ಹಳಿ ಬಳೀಲಿ ಇರಬೇಕೇನಪಾ?" ಎಂದು ಆಯಿ ಕೇಳಿದಳು. ಅವನು, "ಕುಂಡ್ರಿ, ಬೀಡಿ ಸೇದಿ ಬರ್ತೇನಿ" ಎಂದು ರಸ್ತೆ ದಾಟಿಬಿಟ್ಟ. ಅವನನ್ನು ನಾನು ಈಗ ತಪ್ಪೆನ್ನಲಾರೆ. ಆದರೆ ಆಗ ಅವನ ಬೆನ್ನು ನೋಡುತ್ತ ನಾನು ಆಯಿಯ ಪಕ್ಕ ಒತ್ತಿ ಕೂತೆ.

ಬಳೆ ಇಡುವವನು ಬಿಳಿ ಗಡ್ಡದ ಮುಸಲ್ಮಾನ ಮುದುಕ. "ಕೈ ಸಡಲ ಬಿಡ್ರಿ ಅಮ್ಮಾ, ಹೊಲದ ಕೈ, ಗಟ್ಟಿ ಅದ" ಎಂದು ಆಯಿಯ ಅಂಗೈ ಒತ್ತಿ ಒತ್ತಿ ಮೆದುಗೊಳಿಸಿದ. ಹಳೆಯ ಬಳೆಗಳ ಕೆಳಗೆ ಮೊದಲ ಹಸಿರು ಬಳೆ ಏರಿತು. ಎರಡನೆಯದು. ಆಯಿ ನಗುತ್ತ, "ನಿಮ್ಮ ಮುತ್ಯಾ ನೋಡಿದ್ರ, ಈ ಮುದುಕಿಗಿ ಯಾಕ ಇಷ್ಟು ಹುರುಪು ಅಂತಾನ" ಎಂದಳು.

ನನ್ನ ಕೈ ತಾನಾಗಿ ಹೋಗಿ ಅವಳ ಕೈ ಹಿಡಿಯಿತು. ಅವ್ವನ ತಲೆಯ ಮೇಲೆ ಮಾಡಿದ ಆಣೆ ಮುರಿಯಲಿಲ್ಲ. ಆದರೆ ಅಳು ತಡೆಯಲಾಗಲಿಲ್ಲ.

"ಯಾಕ ಬೇ?" ಎಂದಳು ಆಯಿ. "ನಿನಗೂ ಬಳಿ ಬೇಕೇನು?"

ನಾನು ತಲೆ ಅಲ್ಲಾಡಿಸಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ರಸ್ತೆಯ ಆಚೆ, ನಮಗೆ ಬೆನ್ನು ಮಾಡಿ ನಿಂತಿದ್ದ ಅಳಿಯನನ್ನು ನೋಡಿದಳು. ಒಲೆಯ ಹೊಗೆ, ಹಬ್ಬಕ್ಕೂ ಊರಿಗೆ ಕಳಿಸದ ಸೊಸೆ, ಸ್ಟೇಶನ್ನಿನ ಹತ್ತಿರ ನಾನು ಕುಣಿದದ್ದು, ಎಲ್ಲವೂ ಆ ಗಳಿಗೆಯಲ್ಲಿ ಅವಳಿಗೆ ಒಂದಕ್ಕೊಂದು ಕೂಡಿರಬೇಕು. ತೀರ ಮೆತ್ತಗೆ ಕೇಳಿದಳು: "ನಿಮ್ಮ ಮುತ್ಯಾ?"

ನಾನು ನೆಲ ನೋಡಿದೆ.

ಮುದುಕ ಮೂರನೆಯ ಬಳೆಯನ್ನು ಅವಳ ಬೆರಳ ತುದಿಯಲ್ಲೇ ಹಿಡಿದು ನಿಂತಿದ್ದ. ಅವನಿಗೂ ಏನೋ ತಿಳಿದಿತ್ತು. "ಇಡಲೋ ಬ್ಯಾಡೋ ಅಮ್ಮಾ?" ಎಂದ.

ಆಯಿ ಎರಡು ಹಸಿರು ಬಳೆಗಳನ್ನು ಮೇಲೆ ಸರಿಸಿಕೊಂಡು, "ಇಡಪಾ. ಆ ಕೈಗೂ ಇಡು" ಎಂದಳು.

ಮಾಮಾ ಬಂದಾಗ ಅವಳ ಎರಡೂ ಕೈ ಹಸಿರಾಗಿದ್ದವು. "ಊರು ಛಲೋ ಅದಪಾ" ಎಂದಳು ಅವನಿಗೆ. ಅವನು ಕೊಡಿಸಿದ ಭಜಿ ತಿಂದಳು, ತಿನ್ನು ಎಂದು ನನಗೂ ಕೊಟ್ಟಳು. ಟಾಂಗಾದಲ್ಲಿ ನನ್ನ ಕೈ ಹಿಡಿದ ಅವಳ ಕೈ ತಣ್ಣಗಿತ್ತು. ಚಾಳಿನ ಮೆಟ್ಟಿಲ ಹತ್ತಿರ ಮಾಮಾ ಮುಂದೆ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡಳು.

"ನನಗ ಗೊತ್ತಾಗೇದ ಅಂತ ನಿಮ್ಮವ್ವಗ ಹೇಳಬ್ಯಾಡ. ಪಾಪ, ನನ್ನ ಸಲುವಾಗಿ ಎಷ್ಟು ನುಂಗ್ಯಾಳ. ನಿಮ್ಮಪ್ಪ ಬರ್ಲಿ, ಮಗನ ಬಾಯಿಲೆ ಕೇಳ್ತೇನಿ. ಹಬ್ಬದಾಗ ಮಗಳ ಮನ್ಯಾಗ ನಾ ಬಳಿ ಒಡಕೊಂಡು ಕುಂಡ್ರಲೇನು? ನನ್ನ ಆಣಿ ಅದ ನಿನಗ."

ಒಂದು ಆಣೆಯಿಂದ ಬಿಡುಗಡೆಯಾಗಲೆಂದು ಕಾದಿದ್ದವಳ ಮೇಲೆ ಎರಡನೆಯದು ಬಿತ್ತು. ಮುಂದಿನ ಐದಾರು ವಾರ ಆಯಿ ಎಲ್ಲರ ಮುಂದೆ, "ಈಗ ಮುತ್ಯಾ ಎಮ್ಮಿ ಹಿಂಡಿರಬೇಕು" ಎನ್ನುತ್ತಲೇ ಇದ್ದಳು. ಅವ್ವ ಹೌದೆನ್ನುತ್ತಿದ್ದಳು. ಅತ್ತೆ ಒಲೆ ಊದುತ್ತಿದ್ದಳು. ಒಬ್ಬರಿಗಾಗಿ ಒಬ್ಬರು ಸುಳ್ಳಾಡುತ್ತಿದ್ದ ಆ ಮೂವರ ನಡುವೆ ಎಲ್ಲ ತಿಳಿದವಳು ನಾನೊಬ್ಬಳೇ.

ಭಾರತದ ಸೈನ್ಯ ನುಗ್ಗಿತು, ನಿಜಾಮ ಸೋತ, ಸೊಲ್ಲಾಪುರದ ತುಂಬ ಪಟಾಕಿ ಸಿಡಿಯಿತು. ಕೆಲವು ದಿನಗಳ ಮೇಲೆ ಅಪ್ಪ ಗಡ್ಡ ಬಿಟ್ಟುಕೊಂಡು ಬಂದ. ತಾಯಿಯ ಮುಂದೆ ಕೂತು ಹೇಳಿದ. ಆಯಿ ಕೂಗಿದ ಕೂಗಿಗೆ ಇಡೀ ಚಾಳು ಓಡಿಬಂತು. ಅದು ನಟನೆಯಲ್ಲ, ಅಷ್ಟು ದಿನ ಕಟ್ಟಿಟ್ಟದ್ದು. ಅವ್ವ, ಅತ್ತೆ ಎಲ್ಲರೂ ಅತ್ತರು. ನನಗೊಬ್ಬಳಿಗೇ ಅಳು ಬರಲಿಲ್ಲ. ಅಪ್ಪ ನನ್ನ ತಲೆ ಸವರಿ, "ಪಾಪ, ಕೂಸಿಗಿ ಇನ್ನಾ ಏನೂ ತಿಳಿಯಂಗಿಲ್ಲ" ಎಂದ.

ಊರಿಗೆ ಮರಳಿದ ಮೇಲೆ ಗೆಳತಿಯರು ಸುತ್ತ ಕೂತು, "ಶಹರದಾಗ ಏನೇನ್ ನೋಡ್ದಿ?" ಎಂದು ಕೇಳಿದರು. ರೈಲು, ಕೆರೆ, ಕೋಟೆ ಎಲ್ಲ ಕಂಡಿದ್ದೆ. ಹೇಳಲು ಬಾಯಿ ಬರಲಿಲ್ಲ. ಮನಸ್ಸಿಗೆ ಬಂದದ್ದನ್ನು ಬಂದಂತೆ ಆಡುತ್ತಿದ್ದ ಹುಡುಗಿ ಆ ಬಂಡಿಯಲ್ಲಿ ವಾಪಸು ಬರಲಿಲ್ಲ.

ನಾನು ಓದಿ ಮಾಸ್ತರಿಣಿಯಾದೆ, ಕಲಬುರಗಿಯಲ್ಲಿ ಮನೆ ಮಾಡಿದೆ. ಆಯಿ ಬದುಕಿರುವ ತನಕ ನಾವಿಬ್ಬರೂ ಆ ದಿನದ ಮಾತೆತ್ತಲಿಲ್ಲ. ಅವ್ವ ತೀರ ಹಣ್ಣಾದ ಮೇಲೆ ಒಂದು ಸಂಜೆ ತಾನಾಗಿಯೇ ಹೇಳಿದಳು: "ನಿಮ್ಮಪ್ಪ ಬರೋತನ ಅತ್ತಿಗಿ ಒಂದೀಟೂ ಸುಳಿವು ಹತ್ತಗೊಡಲಿಲ್ಲ ನೋಡು. ಜನಮದಾಗ ಅದೊಂದು ಕೆಲಸ ನೆಟ್ಟಗ ಮಾಡ್ದೆ."

"ಹೌದವ್ವಾ" ಎಂದೆ.

ಅವ್ವ ಹೋಗಿ ಬಹಳ ವರ್ಷಗಳಾದವು. ಅತ್ತೆ, ಮಾಮಾ, ಅಪ್ಪ ಅದಕ್ಕೂ ಮುಂಚೆಯೇ ಹೋದರು. ಈಗ ಇದನ್ನೆಲ್ಲ ಯಾರ ಹೆದರಿಕೆಯೂ ಇಲ್ಲದೆ ಬರೆಯುತ್ತಿದ್ದೇನೆ, ಆಣೆಗಳೆರಡೂ ತೀರಿದವು. ಆದರೆ ಬಿಡುಗಡೆಯಾದಂತೆ ಅನಿಸುವುದಿಲ್ಲ. ಯಾರಿಗೆ ನೋವಾಗಬಾರದೆಂದು ಬಾಯಿ ಬಿಗಿದುಕೊಂಡಿದ್ದೆನೋ, ಆ ಜನ ಒಬ್ಬರೂ ಉಳಿದಿಲ್ಲ.