ಅಕ್ಕನ ಹೆಸರು ಹೇಳದ ಗಿರಾಕಿಗಳು

ನನ್ನಕ್ಕ ಹುಟ್ಟಾ ಧೈರ್ಯವಂತೆ. ಬ್ಯೂಟಿ ಪಾರ್ಲರ್ ತೆರೆದ ದಿನ ಒಬ್ಬ ಗಿರಾಕಿಯೂ ಇತ್ತ ಸುಳಿಯಲಿಲ್ಲ. ಇವಳು ಮಾತ್ರ ಎರಡನೇ ಕುರ್ಚಿಗೆ ಆರ್ಡರ್ ಕೊಟ್ಟು ಬಂದಳು. ಆ ಕುರ್ಚಿಯ ಹಿಂದೆ ನಿಂತೇ ಕೆಲಸ ಕಲಿತ ತಂಗಿ ನಾನು. ಅವಳನ್ನು ಆಡಿಕೊಳ್ಳುವ ಹಕ್ಕು ನನಗಿದೆ.

ಹುಬ್ಬಿನ ಮೇಲೆ ದಾರ ಆಡುತ್ತಿರುವಾಗ ಗಿರಾಕಿ ತುಟಿಪಿಟಕ್ ಎನ್ನುವಂತಿಲ್ಲ. ಚರ್ಮ ಅಲುಗಿದರೆ ಹುಬ್ಬು ಕೆಡುತ್ತದೆ. ಮಾತೆಲ್ಲ ಅಕ್ಕನದೇ. ಕಣ್ಣು ಮುಚ್ಚಿ ಒರಗಿದವರು ಎಲ್ಲಕ್ಕೂ "ಹ್ಞೂಂ" ಅನ್ನುತ್ತಾರೆ. ಹೀಗಾಗಿ ತಾನು ಹೇಳಿದ್ದೆಲ್ಲ ಲೋಕಕ್ಕೇ ಒಪ್ಪಿಗೆ ಎಂದು ಅವಳು ನಂಬಿಬಿಟ್ಟಿದ್ದಳು.

ಕ್ರೀಮು ತಂದುಕೊಡುತ್ತಿದ್ದ ಏಜೆಂಟ್ ಒಮ್ಮೆ ಕ್ರಿಪ್ಟೋ ಟೋಕನ್ ತಂದ. ಅವನ ಕಂಪನಿ ಊರೂರಲ್ಲಿ ಪಾರ್ಲರ್ ತೆರೆಯುತ್ತದಂತೆ. ಕಂಪನಿ ಬೆಳೆದಂತೆ, ಮೊಬೈಲಿನಲ್ಲೇ ಕೊಳ್ಳಬಹುದಾದ ಈ ಟೋಕನ್ನಿನ ಬೆಲೆಯೂ ಏರುತ್ತದಂತೆ. ಅಕ್ಕ ಷರತ್ತು ಓದದೆ "ಒಪ್ಪಿದೆ" ಒತ್ತಿ ತಾನೂ ದುಡ್ಡು ಹಾಕಿದಳು. ಹುಬ್ಬಿಗೆ ದಾರ ಆಡಿಸುತ್ತಲೇ ಹೊಗಳಿ ಹೊಗಳಿ ಗಿರಾಕಿಗಳಿಗೂ ಕೊಳ್ಳಿಸಿದಳು. ಹೊಸಬರನ್ನು ಸೇರಿಸಿದಾಗಲೆಲ್ಲ ಅವಳಿಗೆ ಒಂದಿಷ್ಟು ಟೋಕನ್ ಪುಕ್ಕಟೆ. ಅದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳಬೇಕು ಅನ್ನಿಸಲೇ ಇಲ್ಲ. ಎದುರು ಸಾಲಿನಲ್ಲಿ ಬೇಕರಿ ನಡೆಸುವ ಬೇಕರಿಯಮ್ಮನೂ ನಮ್ಮ ಕುರ್ಚಿಯಲ್ಲಿ "ಹ್ಞೂಂ" ಅಂದು, ಹೊಸ ಓವನ್ನಿಗೆಂದು ಕೂಡಿಟ್ಟಿದ್ದನ್ನೆಲ್ಲ ಇದಕ್ಕೆ ಸುರಿದರು.

ಕೆಲವೇ ತಿಂಗಳಲ್ಲಿ ಬೆಲೆ ನೆಲಕಚ್ಚಿತು. ಏಜೆಂಟ್ ಕಾಲಿಗೆ ಬುದ್ಧಿ ಹೇಳಿದ. ಷೇರು ಮಾರಾಟದ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿ ಟೋಕನ್ ಮಾರಾಟ ನಿಲ್ಲಿಸಿತು. ಯಾವ ಹೆಸರಿಟ್ಟರೇನು, ಲಾಭದ ಆಸೆ ತೋರಿಸಿ ಜನರಿಂದ ಹಣ ಎತ್ತಿದರೆ ಅದೂ ಷೇರಿನ ಹಾಗೆಯೇ. ನೋಂದಾಯಿಸಬೇಕಿತ್ತು, ಲೆಕ್ಕಪತ್ರ ತೋರಿಸಬೇಕಿತ್ತು ಎಂದಿತು. ಕಂಪನಿಯಲ್ಲಿ ಉಳಿದ ಹಣವನ್ನು ಕೊಂಡವರಿಗೆ ಹಂಚುವುದಾಗಿಯೂ ತಿಳಿಸಿತು. ಆದರೆ ತಮಗೆ ಮಾರಿದ್ದು ಯಾರೆಂದು ಅವರು ಹೇಳಬೇಕು. ಮಾರಿದವರಿಗೆ ದಂಡ.

ನಮ್ಮ ಗಿರಾಕಿಗಳು ಒಬ್ಬರೂ ಬಾಯಿ ಬಿಡಲಿಲ್ಲ. ಅಕ್ಕನ ಮೇಲೆ ಅಷ್ಟು ಪ್ರೀತಿ. ನೀನೂ ಸುಮ್ಮನಿದ್ದುಬಿಡು ಎಂದು ನಾನು ಹೇಳಿದ್ದೇ ತಡ, ಅವಳು ಬಾಗಿಲೆಳೆದು ನೇರ ಬೇಕರಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ನಿಮ್ಮನ್ನು ಸೇರಿಸಿದ್ದಕ್ಕೆ ನನಗೆ ಟೋಕನ್ ಸಿಕ್ಕಿತ್ತು ಎಂದು ಬೇಕರಿಯಮ್ಮನೆದುರು ಒಂದೇ ಉಸಿರಿಗೆ ಒಪ್ಪಿಕೊಂಡಳು.

ಬೇಕರಿಯಮ್ಮ ಕೈಗಂಟಿದ ಹಿಟ್ಟು ಒರೆಸಿಕೊಂಡರು. "ಅವತ್ತೇ ಬೇಡ ಅನ್ನೋಳಿದ್ದೆ ಕಣೇ. ನೀನು ಬಾಯಿ ಬಿಡೋಕೆ ಬಿಟ್ಟರೆ ತಾನೆ? ಎದ್ದ ಮೇಲಾದ್ರೂ ನಾಲ್ಕು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು."

ಅಕ್ಕ ಕೌಂಟರಿನ ಮೇಲಿದ್ದ ಅವರ ಫೋನನ್ನು ಅವರ ಮುಂದೆ ಸರಿಸಿದಳು. ಸೋತು ಕೂರುವ ಪೈಕಿಯವಳಲ್ಲ ಅವಳು.

"ನಿಮ್ಮ ತಪ್ಪು ನಿಮಗೆ, ನನ್ನ ತಪ್ಪು ನನಗೆ. ಓದದೇ ಒತ್ತಿದೆ, ನನ್ನ ದುಡ್ಡು ಹೋಯ್ತು. ನನ್ನನ್ನ ನಂಬಿ ನಿಮ್ಮದು ಯಾಕೆ ಹೋಗ್ಬೇಕು? ಫೋನ್ ಮಾಡಿ, ನನ್ನ ಹೆಸರು ಹೇಳಿ."

"ದಂಡ ಹಾಕ್ತಾರಲ್ಲೇ."

"ಹಾಕ್ಲಿ. ದುಡಿಯೋ ಕೈಯಿದೆ, ಕಟ್ತೀನಿ."

ಬೇಕರಿಯಮ್ಮ ಆ ಕಚೇರಿಗೆ ಫೋನು ಹಚ್ಚಿದರು. ಅಕ್ಕನ ಹೆಸರನ್ನೇನೋ ಹೇಳಿದರು. ಅಧಿಕಾರಿ ವಿಳಾಸ ಕೇಳಿದರೆ, ಎದುರಿಗೇ ಕಾಣುತ್ತಿದ್ದ ಪಾರ್ಲರಿನ ವಿಳಾಸ ತನಗೆ ಗೊತ್ತಿಲ್ಲ ಎಂದುಬಿಟ್ಟರು. ಅಕ್ಕ ಫೋನು ಇಸಿದುಕೊಂಡಳು. ಬೀದಿ, ಕಟ್ಟಡದ ನಂಬರು ಬಿಡಿಸಿ ಹೇಳಿ, ಯಾವಾಗ ಬಂದರೂ ತಾನು ಅಂಗಡಿಯಲ್ಲೇ ಸಿಗುತ್ತೇನೆಂದಳು.