ಉಪ್ಪಿನ ರಾಶಿಯ ಮೇಲಿನ ಕೈಗುರುತು

ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ಹೊನ್ನಾವರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ದಿನಗಳಲ್ಲಿ, ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ, ಸಾಕ್ಷಿ ಎಲ್ಲಿದೆ ಎಂದು ಮೊದಲು ಕೇಳುತ್ತಿದ್ದವನು ನಾನೇ. ಈಗ ನಾನು ಹೇಳಹೊರಟಿರುವುದಕ್ಕೂ ಸಾಕ್ಷಿಯಿಲ್ಲ. ಇದ್ದ ಒಂದೇ ಒಂದನ್ನು ನನ್ನ ಕೈಯಾರೆ ಅಳಿಸಿದ್ದೇನೆ. ಓದುವವರಿಗೆ ಇದು ಮೊದಲೇ ತಿಳಿದಿರಲಿ.

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಗೆ ಸಮುದ್ರದ ನೀರು ಏರಿ ಬರುವ ಕಡೆ. ಊರಿನ ಅರ್ಧ ಜನ ಉಪ್ಪಿನ ಆಗರದಲ್ಲಿ ಕೆಲಸಕ್ಕೆ ಹೋಗುವವರು. ನನ್ನ ಅಣ್ಣನೂ ಹೋಗುತ್ತಿದ್ದ. ಗದ್ದೆಯಂತೆ ಬದು ಕಟ್ಟಿದ ಪಾತಿಗಳಲ್ಲಿ ನೀರು ಆರಿ ಉಪ್ಪು ಕಟ್ಟಿದ ಮೇಲೆ ಅದನ್ನು ಮರದ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಅಣ್ಣ ಮತ್ತು ಅವನ ಜೊತೆಯವರು ಮಧ್ಯಾಹ್ನ ಊಟಕ್ಕೆ ಹೋಗುವ ಮೊದಲು ತಮ್ಮ ತಮ್ಮ ರಾಶಿಯ ಮೇಲೆ ಅಂಗೈ ಒತ್ತಿ ಹೋಗುತ್ತಿದ್ದರು. ನಡುವೆ ಯಾರಾದರೂ ಬುಟ್ಟಿ ತುಂಬಿಕೊಂಡರೆ ಗುರುತು ಕೆಡುತ್ತಿತ್ತು, ಅಷ್ಟರಿಂದಲೇ ಗೊತ್ತಾಗುತ್ತಿತ್ತು. ಅಣ್ಣ ಒತ್ತುತ್ತಿದ್ದುದು ಎಡಗೈ. ಅದರಲ್ಲಿ ಉಂಗುರದ ಬೆರಳಿರಲಿಲ್ಲ. ನೀರು ಬಿಡುವ ತೂಬಿನ ಹಲಗೆಗೆ ಸಿಕ್ಕಿ ಬುಡದಲ್ಲೇ ಹೋಗಿತ್ತು. ಉಂಗುರದ ಬೆರಳು ಎಂದೇ ನನ್ನ ನೆನಪು. "ನನ್ನ ಸಹಿ ಯಾರಿಗೂ ನಕಲು ಮಾಡೂಕೆ ಆಗ್ತಿಲ್ಲೆ" ಎಂದು ಅವನೇ ನಗುತ್ತಿದ್ದ.

ಕೊಂಕಣ ರೈಲ್ವೆಯ ಕೆಲಸ ನಮ್ಮ ಕಡೆ ಶುರುವಾದ ಹೊತ್ತಿಗೆ ಅವನು ಗೋವಾಕ್ಕೆ ಹೋದ. ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಎರಡು ಕಾಗದ ಬಂದವು. ಆಮೇಲೆ ಏನೂ ಬರಲಿಲ್ಲ. ಕಾಣೆಯಾದವನಿಗಾಗಿ ನಮ್ಮಲ್ಲಿ ಹನ್ನೆರಡು ವರ್ಷ ಕಾಯುತ್ತಾರೆ. ಅಷ್ಟಾದರೂ ಬರದಿದ್ದರೆ ದರ್ಭೆಯಲ್ಲಿ ಅವನ ಬೊಂಬೆ ಕಟ್ಟಿ ಸುಡುತ್ತಾರೆ, ಅಲ್ಲಿಂದ ಮುಂದೆ ಅವನು ಸತ್ತವನು, ಅವನ ಹೆಂಡತಿ ವಿಧವೆ. ಎರಡು ಸಾವಿರದ ಮೂರರಲ್ಲಿ ಹನ್ನೆರಡು ವರ್ಷ ತುಂಬಿತು.

ಅದೇ ವರ್ಷ ನನಗೆ ಲಿಸ್ಬನ್ನಿನಲ್ಲಿ ಒಂದು ತಿಂಗಳು ಕೂತು ಹೊನ್ನಾವರದ ಮೆಣಸಿನ ವ್ಯಾಪಾರದ ಹಳೆಯ ದಾಖಲೆ ಓದುವ ಅವಕಾಶ ಸಿಕ್ಕಿತು. ಟಿಕೆಟ್ ಮಾಡಿಸಿದ್ದು ಭಟ್ಕಳದಲ್ಲಿ. "ದುಬೈ ಅಲ್ವಾ ಮಾಸ್ತರ್ರೇ?" ಎಂದು ಏಜೆಂಟ್ ಎರಡು ಸಲ ಕೇಳಿದ. "ಅಲ್ಲಿ ಎಂತ ಉಂಟು?" ಹಳೇ ಕಾಗದ ಎಂದೆ. "ಹಳೇ ಕಾಗದಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ತಹಶೀಲ್ದಾರ್ ಆಫೀಸಲ್ಲಿ ಇಲ್ವಾ?" ಎಂದ.

ಹೊರಡುವ ದಿನ ಅತ್ತಿಗೆ ಬಾಗಿಲ ಬಳಿ ನಿಂತು ಹೇಳಿದರು: "ಆ ಕೆಲ್ಸ ನೀ ಬಂದ ಮೇಲೇ ಮಾಡ್ವ ತಮ್ಮ. ಊರವ್ರದ್ದು ದಿನಕ್ಕೊಂದು ಮಾತು. ನೀನು ಓದಿದವ. ನೀ ಮಾಡು ಅಂದ್ರೆ ಮಾಡೂದು, ಬೇಡ ಅಂದ್ರೆ ಬೇಡ."

"ಮಾಡಿ ಮುಗಿಸೂದೇ ಒಳ್ಳೇದು ಅತ್ತಿಗೆ" ಎಂದೆ.

"ಈಗ ಅಲ್ಲ. ಬಂದ್ಮೇಲೆ ಹೇಳು" ಎಂದರು.

ಲಿಸ್ಬನ್ನಿನಲ್ಲಿ ಮೂರು ದಿನ ರಜೆ ಬಂತು. ನನ್ನಂತೆ ದಾಖಲೆ ಓದಲು ಬಂದಿದ್ದವರೆಲ್ಲ ಹೆಸರುವಾಸಿ ಊರುಗಳಿಗೆ ಹೊರಟರು. ಎಲ್ಲರೂ ಹೋಗುವ ಕಡೆ ಹೋಗಬಾರದೆಂಬ ಹಟ ನನಗೆ ಮೊದಲಿನಿಂದಲೂ ಇದೆ. ನಾನು ಉಳಿದುಕೊಂಡಿದ್ದ ಮನೆಯಾಕೆ ಅವೈರೊ ಎಂಬ ಊರಿನ ಹೆಸರು ಬರೆದುಕೊಟ್ಟಳು. ಎರಡೂವರೆ ಗಂಟೆಯ ರೈಲು. ನಿಲ್ದಾಣದ ಗೋಡೆಯ ತುಂಬ ನೀಲಿ ಟೈಲ್ಸಿನ ಚಿತ್ರಗಳು, ಊರ ನಡುವೆ ಕಾಲುವೆ, ಮೂತಿಗೆ ಬಣ್ಣ ಬಳಿದ ಉದ್ದನೆಯ ದೋಣಿಗಳು, ಮೊಟ್ಟೆಯ ಹಳದಿಯಿಂದ ಮಾಡಿದ ಒಂದು ಸಿಹಿ. ಯೂರೋಪಿಗೆ ಹೋಗುವವರು ಯಾರಾದರೂ ಗದ್ದಲವಿಲ್ಲದ ಊರು ಕೇಳಿದರೆ ಈಗಲೂ ಇದನ್ನೇ ಹೇಳುತ್ತೇನೆ. ಎರಡು ದಿನಕ್ಕೆ ತಕ್ಕ ಊರು. ನಿಲ್ದಾಣದ ಆ ನೀಲಿ ಗೋಡೆಯ ಮುಂದೆಯೇ ನನ್ನ ಕ್ಯಾಮೆರಾದ ರೀಲು ಮುಗಿಯಿತು.

ಎರಡನೆಯ ದಿನ ಮಧ್ಯಾಹ್ನ ಕಾಲುವೆಯ ಪಕ್ಕ ನಡೆಯುತ್ತಾ ಊರ ಹೊರಗೆ ಬಂದರೆ ಉಪ್ಪಿನ ಪಾತಿಗಳು. ಅಲ್ಲಿ ಉಪ್ಪು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮದೇ ಬದು, ನಮ್ಮದೇ ಹಲಗೆ, ಕೆಸರು ಕಾದ ವಾಸನೆಯೂ ಅದೇ. ಕೆಲಸದವರು ಊಟಕ್ಕೆ ಹೋಗಿರಬೇಕು, ಯಾರೂ ಇರಲಿಲ್ಲ. ಬದುವಿನ ಉದ್ದಕ್ಕೂ ಬಿಳಿಯ ರಾಶಿಗಳು. ಅವುಗಳಲ್ಲಿ ಒಂದರ ಮೇಲೆ, ನನ್ನ ಎದೆಯ ಎತ್ತರದಲ್ಲಿ, ಒಂದು ಕೈಗುರುತು ಇತ್ತು.

ಎಡಗೈ. ನಾಲ್ಕು ಬೆರಳು. ಉಂಗುರದ ಬೆರಳಿರಬೇಕಾದಲ್ಲಿ ಉಪ್ಪು ಯಾರೂ ಮುಟ್ಟದಂತೆ ನಯವಾಗಿತ್ತು.

ಭಯವಾಯಿತೇ ಎಂದು ಕೇಳಬಹುದು. ಇಲ್ಲ. ಅಳುವೂ ಬರಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಬೇರೆ ಯಾರದೋ ಕಾಲಿನಂತಿರುತ್ತದಲ್ಲ, ಇಡೀ ಮೈ ಹಾಗಿತ್ತು. ತಲೆ ಮಾತ್ರ ಕೆಲಸ ಮಾಡುತ್ತಿತ್ತು. ಯಾರೋ ಬೆರಳು ಮಡಚಿ ಒತ್ತಿರಬಹುದು. ಅಥವಾ ಒಂದು ಬೆರಳಿನ ಜಾಗದಲ್ಲಿ ಉಪ್ಪು ಜಾರಿ ತುಂಬಿಕೊಂಡಿರಬಹುದು. ಜಾರುತ್ತದೋ ಇಲ್ಲವೋ ನೋಡೋಣವೆಂದು ನನ್ನ ಎಡಗೈಯನ್ನು ಆ ಗುರುತಿನೊಳಗೆ ಇಟ್ಟು ಒತ್ತಿದೆ. ಕೈ ತೆಗೆದಾಗ ಅಲ್ಲಿ ಐದು ಬೆರಳುಗಳಿದ್ದವು. ಅದು ನನ್ನ ಕೈ.

ಹಿಂದಿನಿಂದ ಯಾರೋ ಕೂಗಿದರು. ಮುದುಕನೊಬ್ಬ ಹಲಗೆ ಹಿಡಿದು ಬಂದು ನನ್ನ ಗುರುತನ್ನೂ ಸವರಿ ಸಮ ಮಾಡಿದ. ನನಗೆ ಬರುತ್ತಿದ್ದ ಹತ್ತು ಪೋರ್ಚುಗೀಸ್ ಪದಗಳಲ್ಲಿ, ಉಂಗುರದ ಬೆರಳು ಮಡಚಿ ತೋರಿಸಿ, ಇದು ಯಾರು ಎಂದು ಕೇಳಿದೆ. ಅವನು ನನ್ನ ಕೈ ನೋಡಿದ, ಮುಖ ನೋಡಿದ, ಇಲ್ಲವೆಂದು ತಲೆಯಾಡಿಸಿ ಹೋಗು ಎಂದು ಕೈ ಬೀಸಿದ. ನಾನು ಹೋಗಲಿಲ್ಲ. ದೂರದ ಬದುವಿನ ಮೇಲೆ ಸಂಜೆಯವರೆಗೆ ಕೂತಿದ್ದೆ. ಮೂರು ಜನ ಬಂದು ಕೆಲಸ ಮಾಡಿದರು. ಮೂವರ ಕೈಗಳನ್ನೂ ಹತ್ತಿರ ಹೋಗಿ ನೋಡಿದೆ. ಎಲ್ಲರಿಗೂ ಎಲ್ಲ ಬೆರಳೂ ಇದ್ದವು. ಮರುದಿನ ಮತ್ತೆ ಹೋದಾಗ ರಾಶಿಗಳನ್ನು ಸಾಗಿಸಿಯಾಗಿತ್ತು.

ಊರಿಗೆ ಬಂದ ದಿನವೇ ಅತ್ತಿಗೆ ಕೇಳಿದರು. "ನಾಳೆ ಹೇಳ್ತೆ" ಎಂದೆ. ಹಾಗೆನ್ನುತ್ತಲೇ, ಊರವರ ಮಾತಿಗೆ ದೊಡ್ಡಪ್ಪ ಗೊತ್ತುಮಾಡಿದ್ದ ದಿನ ಬಂದುಬಿಟ್ಟಿತು. ಹೊಳೆಯ ದಂಡೆಯಲ್ಲಿ ದೊಡ್ಡಪ್ಪ ದರ್ಭೆ ಕಟ್ಟುತ್ತಿದ್ದರು. ತಲೆ, ಮೈ, ಕಾಲು ಆಯಿತು. ಒಂದೊಂದು ಕೈಗೆ ಐದೈದು ಎಸಳು ಬಿಡಿಸಿಟ್ಟರು. ಇನ್ನು ಸುಮ್ಮನಿರಬಾರದು, ಕಂಡದ್ದನ್ನು ಕಂಡ ಹಾಗೆ ಹೇಳಿ ನಿಲ್ಲಿಸಬೇಕು ಎಂದು ಮುಂದೆ ಹೋದೆ. ಅಷ್ಟರಲ್ಲಿ ಅತ್ತಿಗೆ ಬಗ್ಗಿ ಬೊಂಬೆಯ ಎಡಗೈಯಿಂದ ಒಂದು ಎಸಳನ್ನು ಕಿತ್ತರು.

"ಅವ್ರ ಕೈ ಹಿಂಗಿರ್ಲಿಲ್ಲೆ" ಎಂದರು.

ಅವರು ಕಿತ್ತದ್ದು ಕಡೆಯ ಎಸಳು. ಕಿರುಬೆರಳು.

ನಾನು ನಿಂತಲ್ಲೇ ನಿಂತೆ. ಅವನೊಂದಿಗೆ ಸಂಸಾರ ಮಾಡಿದವರು ಅವರು. ಅವರು ಹೇಳುವುದು ನಿಜವಾದರೆ ಇಷ್ಟು ವರ್ಷ ನನ್ನ ನೆನಪಿನಲ್ಲಿದ್ದ ಕೈ ಅಣ್ಣನದಲ್ಲ. ಅವೈರೊದಲ್ಲಿ ನಾನು ಕಂಡದ್ದು ನನ್ನ ತಪ್ಪು ನೆನಪನ್ನೇ. ಅತ್ತಿಗೆ ನನ್ನ ಕಡೆ ತಿರುಗಿದರು.

"ಎಂತ ತಮ್ಮ, ಮಾಡ್ವನಾ?"

"ಆತು" ಎಂದೆ.

ಬೆಂಕಿ ಕೊಟ್ಟವನೂ ನಾನೇ. ದರ್ಭೆ ಬೇಗ ಉರಿಯಿತು. ಅತ್ತಿಗೆ ಹೊಳೆಗಿಳಿದು ಹಣೆ ತೊಳೆದುಕೊಂಡು ಬಂದರು.

ಆ ದಿನ ನನಗೆ ಸರಿಯೆನಿಸಿದ ತರ್ಕ ಆಮೇಲೆ ನಿಲ್ಲಲಿಲ್ಲ. ಆ ರಾಶಿಯ ಮೇಲೆ ಇಲ್ಲದಿದ್ದ ಬೆರಳು ಉಂಗುರದ್ದೇ ಎಂದು ಬರೆದೆನಲ್ಲ, ಈಗ ಕಣ್ಣು ಮುಚ್ಚಿದರೆ ಕೆಲವು ಸಲ ಉಂಗುರದ ಬೆರಳು ಇರುತ್ತದೆ, ಇಲ್ಲದಿರುವುದು ಕಿರುಬೆರಳು. ಅಣ್ಣನದೆಂದು ಇರುವುದು ಮದುವೆಯ ಒಂದೇ ಫೋಟೊ. ಅದರಲ್ಲಿ ಅವನ ಎಡಗೈ ಅತ್ತಿಗೆಯ ಸೀರೆಯ ಮರೆಯಲ್ಲಿದೆ.

ಕೆಲವು ವರ್ಷಗಳ ನಂತರ, ಅತ್ತಿಗೆ ಅಂಗಳದಲ್ಲಿ ಕೂತು ಮೀನು ಕೊಯ್ಯುತ್ತಿದ್ದಾಗ ಕೇಳಿಯೇಬಿಟ್ಟೆ. ಅಣ್ಣನಿಗೆ ಇಲ್ಲದಿದ್ದುದು ಯಾವ ಬೆರಳು?

ಅವರು ಕತ್ತಿ ಕೆಳಗಿಟ್ಟು ತಮ್ಮ ಎಡಗೈಯನ್ನು ಮುಂದೆ ಹಿಡಿದು ನೋಡಿದರು. ಒಂದು ಬೆರಳು ಮಡಚಿದರು. ಬಿಡಿಸಿ ಪಕ್ಕದ್ದನ್ನು ಮಡಚಿದರು. ಅದನ್ನೂ ಬಿಡಿಸಿದರು.

"ಯಾವ್ದೋ ಮಾರಾಯ. ಒಂದು ಇರ್ಲಿಲ್ಲೆ, ಅಷ್ಟೇ ನೆನಪು" ಎಂದರು. "ಎಂತಕ್ಕೆ ಕೇಳ್ದೆ?"

"ಸುಮ್ನೆ" ಎಂದೆ.

ಅವರು ಮತ್ತೆ ಕತ್ತಿ ಎತ್ತಿಕೊಂಡರು. ನಾನು ಅವರಿಗೆ ಇನ್ನೂ ಹೇಳಿಲ್ಲ.