ಆಟಿಗೆ ಮೊದಲು ಉಕ್ಕಿಸಿದ ಹಾಲು

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಲಾಸ್ ಏಂಜಲೀಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಾಡಿಗೆಗಿದ್ದ ಮನೆಯ ಮಾಲೀಕ ಕ್ಯಾಲಿಫೋರ್ನಿಯಾ ಸರ್ಕಾರ. ಹೀಗೆಂದರೆ ನಮ್ಮ ಕನ್ನಡ ಕೂಟದಲ್ಲಿ ಯಾರೂ ಸುಲಭಕ್ಕೆ ನಂಬುತ್ತಿರಲಿಲ್ಲ. ಕ್ವಾರ್ಟರ್ಸಾ ಎಂದು ಕೇಳುತ್ತಿದ್ದರು. ಕ್ವಾರ್ಟರ್ಸ್ ಅಲ್ಲ. ಬಹಳ ಹಿಂದೆ ರಸ್ತೆ ಇಲಾಖೆ ಗುಡ್ಡದ ಮಗ್ಗುಲಿನ ಆ ಬೀದಿಯ ಮೇಲೆ ಫ್ರೀವೇ ಹಾಯಿಸಬೇಕೆಂದು ಸಾಲು ಮನೆಗಳನ್ನು ಕೊಂಡುಕೊಂಡಿತ್ತು. ಜನ ಕೋರ್ಟಿಗೆ ಹೋದರು, ಫ್ರೀವೇ ಬರಲಿಲ್ಲ. ಕೆಡವಲೆಂದು ಕೊಂಡ ಮನೆಗಳಲ್ಲಿ ಕೆಲವನ್ನು ಇಲಾಖೆ ಬಾಡಿಗೆಗೆ ಕೊಟ್ಟಿತು, ಉಳಿದವುಗಳ ಬಾಗಿಲು ಕಿಟಕಿಗೆ ಹಲಗೆ ಹೊಡೆದು ಸುಮ್ಮನಾಯಿತು.

ನಾನಿರುವುದು ಸ್ಯಾನ್ ಡಿಯಾಗೋ ಕಡೆಯ ಪೊವೇಯಲ್ಲಿ. ಟ್ರಾಫಿಕ್ ಒಳ್ಳೆಯ ಮನಸ್ಸು ಮಾಡಿದರೆ ದೊಡ್ಡಮ್ಮನ ಮನೆಗೆ ಎರಡು ಗಂಟೆಯ ಡ್ರೈವ್. ನಿಜ ಹೇಳಬೇಕೆಂದರೆ ನನಗೆ ಆ ಮನೆ ಕಂಡರೆ ಆಗುತ್ತಿರಲಿಲ್ಲ. ಸೂರು ಸೋರುತ್ತಿತ್ತು, ಮೈಕ್ರೋವೇವ್ ಮತ್ತು ಹೀಟರ್ ಒಟ್ಟಿಗೆ ಹಾಕಿದರೆ ಕರೆಂಟು ಹೋಗುತ್ತಿತ್ತು. ರಿಪೇರಿಗೆ ಫೋನ್ ಮಾಡಿದರೆ ಇಲಾಖೆಯವರು ನೋಡೋಣ ಎನ್ನುತ್ತಿದ್ದರು. ಇವತ್ತೋ ನಾಳೆಯೋ ಕೆಡವುವ ಮನೆಗೆ ಯಾರು ಸುಣ್ಣ ಬಳಿಯುತ್ತಾರೆ? ದೊಡ್ಡಮ್ಮ ಮಾತ್ರ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ರಿಟೈರಾಗಿ, ದೊಡ್ಡಪ್ಪ ತೀರಿಕೊಂಡ ಮೇಲೂ ಅಲ್ಲೇ ಇದ್ದರು. ಹಿತ್ತಲಲ್ಲಿ ಬಸಳೆ ಚಪ್ಪರ, ಬೀದಿಯ ತುಂಬ ಗುರುತಿನವರು. ಮನೆ ಬದಲಾಯಿಸಿ ಎಂದು ನಾನು ಹೇಳಿದಾಗಲೆಲ್ಲ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಕೋವಿಡ್ ಶುರುವಾದ ವಸಂತದಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿದರು.

"ಪಕ್ಕದ ಮನೆಗೆ ಜನ ಬಂದಿದ್ದಾರೆ ಮಾರಾಯ್ತಿ. ಹಲಗೆ ಕಿತ್ತು ಒಳಗೆ ಹೋಗಿದ್ದಾರೆ."

"ಪೊಲೀಸರಿಗೆ ಫೋನ್ ಮಾಡಿದ್ರಾ?"

"ಎಂತಕ್ಕೆ? ಸಣ್ಣ ಮಕ್ಕಳು ಉಂಟು."

ಕೆಲಸ ಹೋಗಿ, ಕಾರಿನಲ್ಲಿ ಮಲಗುತ್ತಿದ್ದ ಗಂಡ ಹೆಂಡತಿ ಮತ್ತು ಮಕ್ಕಳು ಅವರು. ಊರೆಲ್ಲ ಮನೆಯೊಳಗೇ ಇರಿ ಎಂದು ಹೇಳುತ್ತಿದ್ದಾಗ ಇವರಿಗೆ ಮನೆಯೇ ಇರಲಿಲ್ಲ, ಸರ್ಕಾರದ ಮನೆಗಳು ಖಾಲಿ ಬಿದ್ದಿದ್ದವು. ಆಮೇಲೆ ಅದೇ ಬೀದಿಯಲ್ಲಿ ಇನ್ನೂ ಕೆಲವರು ಹಾಗೆಯೇ ಸೇರಿಕೊಂಡರು. ದೊಡ್ಡಮ್ಮ ಬೇಲಿಯ ಮೇಲಿಂದ ನೀರಿನ ಪೈಪು ದಾಟಿಸಿದರು. ನೀರ್‌ದೋಸೆಯೂ ದಾಟಿತು. ಲ್ಯಾಬಿನಲ್ಲಿ ಕಲಿತಿದ್ದ ಅರೆಬರೆ ಸ್ಪ್ಯಾನಿಷ್‌ನಲ್ಲಿ ಆ ಹೆಂಗಸಿಗೆ ಮಕ್ಕಳ ಕೆಮ್ಮಿಗೆ ಶುಂಠಿ ಕಷಾಯ ಕಾಯಿಸುವುದನ್ನು ಹೇಳಿಕೊಟ್ಟರು.

ಕೆಲವು ತಿಂಗಳಾದ ಮೇಲೆ ಪೊಲೀಸರು ಬಂದು ಆ ಸಂಸಾರವನ್ನು ಹೊರಗೆ ಹಾಕಿದರು. ದೊಡ್ಡಮ್ಮ ಜಗಲಿಯ ಮೇಲೆ ನಿಂತು ನೋಡಿದ್ದರಂತೆ. ಆಮೇಲೆ ಒಂದು ದಿನ ನನಗೆ ಫೋನಿನಲ್ಲಿ ಹೇಳಿದರು. "ಖಾಲಿ ಮಾಡ್ಸಿದ್ದು ಯಾರಿಗೆ ಬೇಕಾಗಿ ಅಂತ ಕೇಳಿದೆ. ಆ ಹುಡುಗ ಪೊಲೀಸ್, ಅವನಿಗೆ ಎಂತ ಗೊತ್ತು ಪಾಪ. ಆ ಮನೆಗೆ ಯಾರೂ ಬರ್ಲಿಲ್ಲ ಮತ್ತೆ."

ನಮ್ಮ ಮನೆಯ ಕಥೆಗೆ ಬೇಕಾದ ಸಣ್ಣ ಸಂಗತಿ ನಡೆದದ್ದು ಅದರ ಮುಂದಿನ ವರ್ಷ. ದೊಡ್ಡಮ್ಮನ ಮಂಡಿ ಆಪರೇಷನ್ ಆಗಸ್ಟಿನಲ್ಲಿ ಎಂದು ಗೊತ್ತಾಯಿತು. ನಮ್ಮ ಮನೆಯಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ, ಕೆಳಗಿನ ಒಂದು ಕೋಣೆಯಲ್ಲಿ ಕೋವಿಡ್‌ನಿಂದಾಗಿ ನನ್ನ ಆಫೀಸು. ಅದಕ್ಕೆ ನಮ್ಮ ಹತ್ತಿರದಲ್ಲೇ, ಹಿರಿಯರಿಗೆಂದೇ ಇರುವ ಕಾಂಪ್ಲೆಕ್ಸ್ ಒಂದರಲ್ಲಿ ನೆಲಮಹಡಿಯ ಅಪಾರ್ಟ್‌ಮೆಂಟ್ ಹಿಡಿದೆವು. ಇರುವವರ ಹೆಸರಿನಲ್ಲೇ ಲೀಸ್ ಆಗಬೇಕೆಂಬುದು ಅಲ್ಲಿನ ರೂಲು, ದೊಡ್ಡಮ್ಮನ ಹೆಸರಿನಲ್ಲೇ ಆಯಿತು. ಆಗಸ್ಟ್ ಒಂದರಿಂದ ಸಾಕು ಎಂದು ನಾನು. ಆದರೆ ಜುಲೈ ನಡುವಿನಿಂದ ಆಟಿ. ಘಟ್ಟದ ಮೇಲಿನವರಿಗೆ ಆಷಾಢ ಹೇಗೋ ದೊಡ್ಡಮ್ಮನಂಥ ಕರಾವಳಿಯವರಿಗೆ ಆಟಿ ತಿಂಗಳು ಹಾಗೆ, ಆಗ ಹೊಸ ಮನೆಗೆ ಕಾಲಿಡುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದ ನನಗೂ ಇದೇನು ಹೊಸದಲ್ಲ. ನಾವೂ ಆಷಾಢ ಬರುವ ಮೊದಲೇ ಹಾಲುಕ್ಕಿಸಿ ಬೀಗ ಹಾಕಿ ಬಂದು, ಶ್ರಾವಣದಲ್ಲಿ ಸಾಮಾನು ಸಾಗಿಸುವವರೇ. ಹಾಗೆಯೇ ಮಾಡಿದೆವು. ಬೇಗ ಕೀ ತೆಗೆದುಕೊಂಡು, ಎಲೆಕ್ಟ್ರಿಕ್ ಒಲೆಯ ಮೇಲೆ ಹಾಲುಕ್ಕಿಸಿ, ಗಣಪತಿಯ ಮುಂದೆ ದೀಪ ಇಟ್ಟು, ಖಾಲಿ ಮನೆ ಆ ರಾತ್ರಿ ಒಂಟಿ ಇರಬಾರದೆಂದು ದೊಡ್ಡಮ್ಮ ಚಾಪೆ ಹಾಸಿ ಅಲ್ಲೇ ಮಲಗಿದರು. ಹೊಗೆಯ ಅಲಾರಂ ಹೊಡೆದುಕೊಂಡು ಪಕ್ಕದ ಅಜ್ಜ ಬಾಗಿಲು ತಟ್ಟಿದ್ದೂ ಆಯಿತು, ಅವರಿಗೆ ಪಾಯಸ ಕೊಟ್ಟು ಕಳಿಸಿದ್ದೂ ಆಯಿತು.

ಅಷ್ಟರಲ್ಲಿ ಕೋವಿಡ್ ಮತ್ತೆ ಏರಿತು, ಆಪರೇಷನ್ ಮುಂದಕ್ಕೆ ಹೋಯಿತು. ದೊಡ್ಡಮ್ಮ ತಮ್ಮ ಬಸಳೆಯ ಹತ್ತಿರ ವಾಪಸಾದರು. ನಾವು ಅಪಾರ್ಟ್‌ಮೆಂಟ್ ಬಿಟ್ಟೆವು. ಆ ವಿಷಯ ಅಲ್ಲಿಗೆ ಮುಗಿಯಿತೆಂದು ಮರೆತೂಬಿಟ್ಟೆವು.

ಇತ್ತ ಸರ್ಕಾರ ಫ್ರೀವೇಯ ಆಸೆಯನ್ನು ಬಿಟ್ಟಿತ್ತು. ಈಗ ಆ ಮನೆಗಳಿಂದ ಕೈತೊಳೆದುಕೊಳ್ಳಬೇಕಿತ್ತು. ಇಟ್ಟುಕೊಳ್ಳುವಾಗ ಯಾರಿಗೂ ಬೇಡದ ಮನೆಗಳು, ಬಿಡುತ್ತೇವೆ ಎಂದ ಕೂಡಲೇ ಎಲ್ಲರಿಗೂ ಬೇಕಾದವು. ಗುಡ್ಡದ ಮೇಲಿನ ಸಾಹುಕಾರರಿಗೆ, ಅವು ಒಳ್ಳೆಯ ರೇಟಿಗೆ ಮಾರಿಹೋಗಿ ಬೀದಿ ಚಂದ ಕಾಣಬೇಕು. ನಗರಸಭೆಯವರಿಗೆ ಅವು ಬಡವರ ಬಾಡಿಗೆ ಮನೆಗಳಾಗಬೇಕು. ಹೊರಹಾಕಿಸಿಕೊಂಡವರಿಗೆ ತಮ್ಮ ಮಕ್ಕಳು ಮಲಗಿದ್ದ ಕೋಣೆ ವಾಪಸ್ ಬೇಕು. ಝೂಮ್ ಮೀಟಿಂಗುಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಿಮಿಷ. ದೊಡ್ಡಮ್ಮ ಮ್ಯೂಟ್ ತೆಗೆಯುವಷ್ಟರಲ್ಲಿ ಅವರ ನಿಮಿಷ ಮುಗಿದಿರುತ್ತಿತ್ತು. ಚುನಾವಣೆಗೆ ನಿಂತವರೊಬ್ಬರು ಅವರ ಜಗಲಿಯ ಮೇಲೆ ಫೋಟೋ ತೆಗೆಸಿಕೊಂಡು ಹೋದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ತೀರ್ಮಾನವಾದದ್ದು ಇಷ್ಟು: ಬಹುಕಾಲದಿಂದ ಬಾಡಿಗೆಗಿರುವವರಿಗೆ ಅವರ ಕೈಗೆಟಕುವ ಬೆಲೆಯಲ್ಲಿ ಮೊದಲ ಹಕ್ಕು. ಆದರೆ ಅದೊಂದೇ ಅವರ ಮನೆಯಾಗಿರಬೇಕು, ಕಳೆದ ಕೆಲವು ವರ್ಷಗಳಲ್ಲಿ ಬೇರೆ ಎಲ್ಲೂ ಮನೆ ಮಾಡಿರಬಾರದು. ನನಗೆ ಆ ಮನೆಯ ಮೇಲೆ ಮೊದಲ ಸಲ ಪ್ರೀತಿ ಬಂತು. ಸೂರು ಹೊಸದಾಗಿ ಹೊದಿಸಬಹುದು, ವೈರಿಂಗ್ ಬದಲಾಯಿಸಬಹುದು ಎಂದು ಲೆಕ್ಕ ಹಾಕಿದೆ. ದೊಡ್ಡಮ್ಮನಂತೂ ದಾಳಿಂಬೆ ಗಿಡ ಎಲ್ಲಿ ನೆಡುವುದೆಂದು ಜಾಗ ನೋಡಿ ಕಡ್ಡಿ ಚುಚ್ಚಿದರು. ಬಾಡಿಗೆ ಮನೆಯೆಂದು ಅಷ್ಟು ವರ್ಷ ಅವರು ಒಂದು ಮರವನ್ನೂ ನೆಟ್ಟಿರಲಿಲ್ಲ.

ಹಳೆಯ ಲೀಸುಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತವೆ. ಪೊವೇಯ ಅಪಾರ್ಟ್‌ಮೆಂಟಿನದೂ ಇಲಾಖೆಯವರಿಗೆ ಸಿಕ್ಕಿತು. ಬಾಡಿಗೆದಾರರ ಸಂಘಕ್ಕೆ ಪುಕ್ಕಟೆ ಬರುತ್ತಿದ್ದ ವಕೀಲೆ ತಲೆ ಕೆಡಿಸಿಕೊಳ್ಳಲಿಲ್ಲ. ಲೀಸ್ ಇದ್ದರೇನು, ಆಪರೇಷನ್ನಿಗೆಂದು ಹಿಡಿದದ್ದು, ಅಲ್ಲಿ ನಾನು ವಾಸ ಮಾಡಲೇ ಇಲ್ಲ ಎಂದು ಅಧಿಕಾರಿಯ ಮುಂದೆ ಬಾಯಲ್ಲಿ ಹೇಳಿದರೆ ಸಾಕು ಎಂದರು. ಹೊರಗೆ ಕಾರಿನಲ್ಲಿ ಕೂತ ಮೇಲೆ ದೊಡ್ಡಮ್ಮ, "ಹಾಗೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದರು.

"ಒಂದ್ ರಾತ್ರಿ ಮಲಗಿದ್ರೆ ವಾಸ ಮಾಡಿದ ಹಾಗಾ ದೊಡ್ಡಮ್ಮ?"

"ಹಾಲುಕ್ಕಿಸಿದ್ದೇವೆ. ದೀಪ ಇಟ್ಟಿದ್ದೇವೆ. ಅದು ಮನೆ ಅಲ್ಲದಿದ್ರೆ ಮತ್ತೆಂತ, ಲಾಡ್ಜಾ?"

"ಇವರಿಗೆ ಹಾಲು ಗೀಲು ಏನೂ ಗೊತ್ತಿಲ್ಲ. ವಾಸ ಇರ್ಲಿಲ್ಲ ಅಂದ್ರೆ ಮುಗೀತು. ಅದು ಸುಳ್ಳೂ ಅಲ್ಲ."

"ಅವರಿಗೆ ಗೊತ್ತಿಲ್ಲ, ಹೌದು. ದೇವರ ಎದುರು ನಾನು ಮಾಡಿದ್ದು ಮತ್ತೆ ನಾಟಕವಾ?"

ದಾರಿಯುದ್ದಕ್ಕೂ ರೇಗಿದೆ. ನಿಮ್ಮ ಹಟಕ್ಕೆ ಮನೆ ಹೋಗುತ್ತದೆ ಎಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಇಂಟರ್‌ವ್ಯೂ ದಿನ ಅಧಿಕಾರಿ ಒಳ್ಳೆಯವಳೇ. ಉತ್ತರವನ್ನೂ ತಾನೇ ಒದಗಿಸುವ ಹಾಗೆ ಕೇಳಿದಳು: ಅಲ್ಲಿ ನೀವು ನಿಜವಾಗಿ ವಾಸವಿರಲಿಲ್ಲ, ಅಲ್ಲವೇ? ದೊಡ್ಡಮ್ಮ ನೆಟ್ಟಗೆ ಕೂತು, ಇಂಗ್ಲಿಷಿನಲ್ಲಿ, ಇದ್ದೆ, ಪೂಜೆ ಮಾಡಿ ಒಳಗೆ ಹೋಗಿದ್ದೆ, ಅದು ನನ್ನ ಮನೆಯಾಗಿತ್ತು ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಮೇಜು ನೋಡಿದೆ.

ಮೊದಲ ಹಕ್ಕು ಹೋಯಿತು. ಅಪೀಲ್ ಮಾಡಿದೆವು, ಅಲ್ಲೂ ದೊಡ್ಡಮ್ಮ ಅದನ್ನೇ ಹೇಳಿದರು. ಅರ್ಧ ಶತಮಾನ ಹಾಕದ ರಸ್ತೆಗೆಂದು ಬೀದಿಯನ್ನೇ ಹಿಡಿದಿಟ್ಟುಕೊಂಡಿದ್ದ ಇಲಾಖೆಯನ್ನು ಯಾರೂ ಮುಂದೆ ಕೂರಿಸಿಕೊಂಡು, ನಿಜ ಹೇಳು, ನೀನು ರಸ್ತೆ ಹಾಕುವವನಿದ್ದೆಯಾ ಎಂದು ಕೇಳಲಿಲ್ಲ. ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮನೆ ಬಡ ಸಂಸಾರಗಳಿಗೆ ಬಾಡಿಗೆಗೆ ಕೊಡುವ ಯೋಜನೆಗೆ ಸೇರಿತು, ದೊಡ್ಡಮ್ಮನಿಗೆ ಖಾಲಿ ಮಾಡಲು ಹೇಳಿದರು. ಸಾಮಾನು ಕಟ್ಟುವಾಗ ನಾನು ಅತ್ತುಬಿಟ್ಟೆ, ಅವರು ಅಳಲಿಲ್ಲ. "ಮಕ್ಕಳಿರುವವರು ಯಾರಾದ್ರೂ ಬರ್ತಾರಲ್ಲ, ಬಿಡು. ನಾನೊಬ್ಬಳಿಗೆ ಎಷ್ಟು ಕೋಣೆ" ಎಂದರು. ಪೊವೇಯಲ್ಲಿ ಈಗ ನನ್ನ ಆಫೀಸ್ ರೂಮೇ ಅವರ ಕೋಣೆ. ಮಂಡಿ ಆಪರೇಷನ್ನೂ ಆಗಿ ನಿಧಾನಕ್ಕೆ ನಡೆಯುತ್ತಾರೆ.

ಮೊನ್ನೆ ಮಗಳನ್ನು ಲಾಂಗ್ ಬೀಚಿನ ಕಾಲೇಜಿಗೆ ಬಿಡಲು ಹೋದವಳು, ಸುತ್ತಾದರೂ ಆಗಲಿ ಎಂದು ಆ ಬೀದಿಗೆ ಹೋದೆ. ದೊಡ್ಡಮ್ಮ ಆ ಮನೆ ಬಿಟ್ಟು ಒಂದು ವರ್ಷದ ಮೇಲಾಗಿದೆ. ಬಾಗಿಲಿಗೆ ಬೀಗ. ಮೊಣಕಾಲುದ್ದ ಒಣಹುಲ್ಲು. ಮುಂದೆ ನೆಟ್ಟಿರುವ ಯೋಜನೆಯ ಬೋರ್ಡು ಬಿಸಿಲಿಗೆ ಬಿಳಿಚಿಕೊಂಡಿತ್ತು. ಅಡುಗೆಮನೆಯ ಕಿಟಕಿಯಿಂದ ಇಣುಕಿದೆ, ಯಾರೂ ಬಂದ ಗುರುತಿಲ್ಲ. ಎದುರು ಮನೆಯವರನ್ನು ಕೇಳಿದರೆ, ರಿಪೇರಿಗೆ ಯಾರು ಹಣ ಹಾಕಬೇಕೆಂದು ಇನ್ನೂ ಜಗಳ ನಡೆಯುತ್ತಿದೆ ಎಂದರು.

ಮನೆಗೆ ಬಂದಾಗ ದೊಡ್ಡಮ್ಮ ಊಟದ ಮೇಜಿನ ಹತ್ತಿರ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದರು. ಆ ಕಡೆ ಹೋಗಿದ್ದೆ ಎಂದು ನನ್ನ ಬಾಯಿಂದ ಬಂದುಹೋಯಿತು.

"ಹೌದಾ? ಯಾರಾದ್ರೂ ಬಂದಿದ್ದಾರಾ?"

"ಬಂದಿದ್ದಾರೆ."

"ಮಕ್ಕಳು ಉಂಟಾ?"

"ಅಂಗಳದಲ್ಲಿ ಎರಡು ಸೈಕಲ್ ಇತ್ತು."

ಅವರ ಮುಖ ಅರಳಿತು. ಬೀನ್ಸ್ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಹಿಂದಿನ ಬಾಗಿಲು ಸ್ವಲ್ಪ ಎತ್ತಿ ಎಳೆದ್ರೆ ಮಾತ್ರ ಚಿಲಕ ಬೀಳುದು. ಅವರಿಗೆ ಹೇಳಿದ್ಯಾ ಅದನ್ನ?"

ಮುಂದಿನ ಸಲ ಹೋದಾಗ ಹೇಳ್ತೀನಿ ಎಂದೆ.